ಭಟ್ಕಳ, ಹೊನ್ನಾವರ ಮತ್ತು ಕುಮಟಾದ ಬೀದಿ ಮಾರುಕಟ್ಟೆಗಳು: ಪರಿಚಯ ಹಾಗೂ ವ್ಯಾಪಾರಿಗಳಿಗೆ ಉಪಯುಕ್ತ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಸುಮಾರು 60 ಕಿ.ಮೀ. ಅಂತರದೊಳಗೆ ಕುಮಟಾ, ಹೊನ್ನಾವರ ಮತ್ತು ಭಟ್ಕಳ ಎಂಬ ಮೂರು ತಾಲ್ಲೂಕು ಕೇಂದ್ರಗಳಿರುತ್ತವೆ. ಮೂರೂ ಹಳೆಯ ಬಂದರು ಪಟ್ಟಣಗಳಾಗಿದ್ದು, ಬಂದರಿನ ವ್ಯಾಪಾರ ಕುಗ್ಗಿದ ನಂತರವೂ ಪೇಟೆಯ ವ್ಯಾಪಾರ ಉಳಿದುಕೊಂಡು ಬಂದಿರುತ್ತದೆ. ಈ ಭಾಗದಲ್ಲಿ "ಪೇಟೆಗೆ ಹೋಗಿ ಬರುತ್ತೇನೆ" ಎಂದರೆ ಯಾವುದೋ ಒಂದು ಅಂಗಡಿಗೆ ಹೋಗುವುದೆಂದು ಅರ್ಥವಲ್ಲ. ಮೀನು, ಸೊಪ್ಪು, ಹೂವು, ಬಟ್ಟೆ, ಔಷಧಿ, ಬ್ಯಾಂಕು, ತಹಶೀಲ್ದಾರ್ ಕಚೇರಿ ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿಕೊಂಡು ಬಸ್ಸು ಹಿಡಿಯುವುದೆಂದು ಅರ್ಥ. ಈ ಸುತ್ತಿನ ದಾರಿಯಲ್ಲಿ ಬುಟ್ಟಿ, ಗೋಣಿಚೀಲ ಅಥವಾ ಕೈಗಾಡಿಯೊಂದಿಗೆ ಕುಳಿತವರೇ ಬೀದಿಬದಿ ವ್ಯಾಪಾರಿಗಳು. ಅವರ ಮಾರುಕಟ್ಟೆಯ ಸ್ವರೂಪವನ್ನು ಸಾರ್ವಜನಿಕರಿಗೆ ಪರಿಚಯಿಸುವುದು ಹಾಗೂ ಕುಳಿತ ಜಾಗದ ಮೇಲೆ ಅವರಿಗೆ ಕಾನೂನು ನೀಡಿರುವ ರಕ್ಷಣೆಯನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

ಹಿನ್ನೆಲೆ

ಹೊನ್ನಾವರವು ಶರಾವತಿ ನದಿ ಸಮುದ್ರ ಸೇರುವ ಸ್ಥಳದಲ್ಲಿರುತ್ತದೆ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ, ಊರಿನ ಜನರು ಸಮುದ್ರ ವ್ಯಾಪಾರದಿಂದಲೇ ಜೀವನ ನಡೆಸುತ್ತಾರೆ, ಅವರಿಗೆ ಉಳುವ ಭೂಮಿ ಇಲ್ಲ ಎಂದು ದಾಖಲಿಸಿರುತ್ತಾನೆ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಹಾಗೂ ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದೂ ಆತನ ಬರಹದಲ್ಲಿದೆ. ವ್ಯಾಪಾರವಿದ್ದ ಊರಿನಲ್ಲಿ ಲೆಕ್ಕ ಮತ್ತು ಓದು ಎರಡೂ ಇದ್ದುದು ಆಶ್ಚರ್ಯವೇನಲ್ಲ.

ಭಟ್ಕಳವು ವಿಜಯನಗರ ಕಾಲದ ಪ್ರಮುಖ ಬಂದರು. ಅರಬ್ ಕುದುರೆಗಳು ಹೊರ್ಮುಜ್ ಕಡೆಯಿಂದ ಹಡಗಿನಲ್ಲಿ ಇಲ್ಲಿಗೆ ಬಂದು ಘಟ್ಟ ಹತ್ತುತ್ತಿದ್ದವು. ಹಿಂತಿರುಗುವ ಹಡಗುಗಳಲ್ಲಿ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿದ್ದವೆಂದು 16ನೆಯ ಶತಮಾನದ ಆರಂಭದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ತಿಳಿಸಿರುತ್ತಾನೆ. ಕಾಳುಮೆಣಸಿನ ವ್ಯಾಪಾರದಿಂದ ಪ್ರಸಿದ್ಧಳಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯೂ ಇದೇ ಕರಾವಳಿಯದು. ಭಟ್ಕಳದಲ್ಲಿ ಇಂದಿಗೂ ಇರುವ ಕೇತಪೈ ನಾರಾಯಣ ದೇವಸ್ಥಾನ, ಜೈನ ಬಸದಿ ಹಾಗೂ ಹಳೆಯ ಮಸೀದಿಗಳು ಪೇಟೆಯ ಸುತ್ತಮುತ್ತಲೇ ಇದ್ದು, ಯಾರು ಯಾರು ಇಲ್ಲಿ ವ್ಯಾಪಾರ ಮಾಡಿದರೆಂಬುದನ್ನು ಅವುಗಳಿಂದಲೇ ಊಹಿಸಬಹುದಾಗಿದೆ.

ಕುಮಟಾದ ಏಳಿಗೆ ಇವೆರಡಕ್ಕಿಂತ ತಡವಾದದ್ದು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವನ್ನು ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಸಾಗುತ್ತಿದ್ದ ಕಾರಣ, 19ನೆಯ ಶತಮಾನದಲ್ಲಿ ಆ ಹತ್ತಿಗೆ 'ಕುಮಟಾ ಹತ್ತಿ' ಎಂಬ ಹೆಸರೇ ಬಿದ್ದಿತು. ಹತ್ತಿ ಬೆಳೆಯದ ಊರಿನ ಹೆಸರು ಹತ್ತಿಗೆ ಬಂದುದು ಪೇಟೆಯ ಬಲದಿಂದ. 1861 ರಿಂದ 1865 ರವರೆಗಿನ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಬೇಡಿಕೆ ಏರಿತು. ಆ ಶತಮಾನದ ಕೊನೆಯಲ್ಲಿ ಮರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಹತ್ತಿ ಆ ದಾರಿ ಹಿಡಿಯಿತು. ಸಾಗಣೆಯ ದಾರಿ ಬದಲಾದರೆ ದೊಡ್ಡ ಪೇಟೆಯೂ ಬಡವಾಗುತ್ತದೆ ಎಂಬುದಕ್ಕೆ ಕುಮಟಾಕ್ಕಿಂತ ಹತ್ತಿರದ ಉದಾಹರಣೆ ಜಿಲ್ಲೆಯಲ್ಲಿಲ್ಲ. ಬೀದಿಯಲ್ಲಿ ಕುಳಿತು ಮಾರುವವರಿಗೆ ಇದೇ ಮಾತು ಹತ್ತು ಮಾರು ದೂರದ ಮಟ್ಟಿಗೂ ಅನ್ವಯಿಸುತ್ತದೆ.

ಭಟ್ಕಳ ಪೇಟೆ

ಹೆದ್ದಾರಿಯ ಶಂಸುದ್ದೀನ್ ವೃತ್ತದಿಂದ ಹಳೆ ಬಸ್ ನಿಲ್ದಾಣದ ಕಡೆಗೆ ಹಾಗೂ ಅಲ್ಲಿಂದ ಒಳಕ್ಕೆ ಹೋಗುವ ಮುಖ್ಯ ರಸ್ತೆಯೇ ಭಟ್ಕಳದ ಪೇಟೆ. ರಸ್ತೆ ಅಗಲವಲ್ಲ. ಎರಡೂ ಬದಿಯಲ್ಲಿ ಬಟ್ಟೆ, ಪಾತ್ರೆ, ಚಿನ್ನ, ಚಪ್ಪಲಿ ಅಂಗಡಿಗಳು. ಅವುಗಳ ಮುಂದೆ ಹಣ್ಣಿನ ಗಾಡಿಗಳು. ಗಾಡಿಗಳ ನಡುವೆ ಬುಟ್ಟಿಯವರು. ಕನ್ನಡ, ಕೊಂಕಣಿ, ಉರ್ದು ಹಾಗೂ ನವಾಯತಿ ಭಾಷೆಗಳು ಒಂದೇ ಚೌಕಾಶಿಯಲ್ಲಿ ಬೆರೆತು ಬರುವುದನ್ನು ಇಲ್ಲಿ ಕೇಳಬಹುದು. ನವಾಯತಿಯು ಕೊಂಕಣಿಗೆ ಹತ್ತಿರದ ಭಾಷೆಯಾಗಿದ್ದು, ಅರೇಬಿಕ್-ಪರ್ಷಿಯನ್ ಲಿಪಿಯಲ್ಲಿ ಬರೆಯಲ್ಪಡುತ್ತದೆ. ಮೀನು ಮಾರುವ ಮೊಗೇರ ಮಹಿಳೆಯು ನವಾಯತಿಯಲ್ಲಿ ದರ ಹೇಳುವುದು, ಕೊಳ್ಳುವವರು ಕನ್ನಡದಲ್ಲಿ ಇಳಿಸಿ ಕೇಳುವುದು ಇಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ.

ಇಲ್ಲಿಯ ಅನೇಕ ಕುಟುಂಬಗಳ ಸದಸ್ಯರು ಗಲ್ಫ್ ದೇಶಗಳಲ್ಲಿ ಉದ್ಯೋಗ ಮತ್ತು ವ್ಯಾಪಾರದಲ್ಲಿರುತ್ತಾರೆ. ಅದರ ಪರಿಣಾಮ ಪೇಟೆಯಲ್ಲಿ ಎರಡು ರೀತಿಯಲ್ಲಿ ಕಾಣುತ್ತದೆ. ಒಂದು, ಅತ್ತರು, ಸಾಬೂನು, ಖರ್ಜೂರ, ಹೊರದೇಶದ ಸೌಂದರ್ಯವರ್ಧಕಗಳನ್ನು ಮಾರುವ ಅಂಗಡಿಗಳು. ಇವುಗಳನ್ನರಸಿ ಪಕ್ಕದ ತಾಲ್ಲೂಕುಗಳಿಂದಲೂ ಜನ ಬರುತ್ತಾರೆ. ಎರಡು, ರಜೆಯಲ್ಲಿ ಊರಿಗೆ ಬಂದವರ ಖರೀದಿ. ಮದುವೆಯ ದಿನಗಳಲ್ಲಿ ಹಾಗೂ ಹಬ್ಬಗಳಲ್ಲಿ ಮೀನು ಮತ್ತು ಮಲ್ಲಿಗೆಯ ದರ ಏರುವುದಕ್ಕೆ ಇದೂ ಒಂದು ಕಾರಣ.

ರಮಜಾನ್ ತಿಂಗಳ ಕೊನೆಯ ಹತ್ತು ದಿನಗಳಲ್ಲಿ ಮುಖ್ಯ ರಸ್ತೆಯ ಮೇಲೆ ತಾತ್ಕಾಲಿಕ ಮಳಿಗೆಗಳು ಏಳುತ್ತವೆ. ರಾತ್ರಿಯ ಪ್ರಾರ್ಥನೆಯ ನಂತರ ಆರಂಭವಾಗುವ ವ್ಯಾಪಾರ ತಡರಾತ್ರಿಯವರೆಗೆ ನಡೆಯುತ್ತದೆ. ಬಟ್ಟೆ, ಬಳೆ, ಚಪ್ಪಲಿ, ಗಾಜಿನ ಪಾತ್ರೆ, ಮಕ್ಕಳ ಆಟಿಕೆ, ಮನೆಬಳಕೆಯ ಸಾಮಾನು ಎಲ್ಲವೂ ಬರುತ್ತವೆ. ಹೊರ ಜಿಲ್ಲೆ ಮತ್ತು ಹೊರ ರಾಜ್ಯಗಳ ವ್ಯಾಪಾರಿಗಳೂ ಬರುತ್ತಾರೆ. ಕೊಳ್ಳಲು ಬರುವವರು ಹಬ್ಬ ಆಚರಿಸುವವರು ಮಾತ್ರವಲ್ಲ. ಹೊನ್ನಾವರ, ಬೈಂದೂರು ಕಡೆಯ ಎಲ್ಲ ಸಮುದಾಯದ ಕುಟುಂಬಗಳೂ ವರ್ಷದ ಪಾತ್ರೆ, ಬಟ್ಟೆಗಳನ್ನು ಈ ಸಮಯಕ್ಕೆಂದೇ ಬಾಕಿ ಇಟ್ಟುಕೊಂಡು ಬರುವುದುಂಟು. ತಾತ್ಕಾಲಿಕ ಮಳಿಗೆಯ ಜಾಗಕ್ಕೆ ಸ್ಥಳೀಯ ನಗರ ಸಂಸ್ಥೆಯ ಅನುಮತಿ ಅಗತ್ಯವಿದ್ದು, ಅನುಮತಿಯನ್ನು ಮುಂಚಿತವಾಗಿಯೇ ಪಡೆಯತಕ್ಕದ್ದು. ವರ್ಷವಿಡೀ ಅದೇ ಜಾಗದಲ್ಲಿ ಕೂರುವ ಸ್ಥಳೀಯ ಬುಟ್ಟಿಯವರು ಆ ಹತ್ತು ದಿನ ಎಲ್ಲಿಗೆ ಸರಿಯಬೇಕೆಂಬುದು ಅನುಮತಿಗೆ ಮೊದಲೇ ತೀರ್ಮಾನವಾಗಬೇಕಾದ ವಿಷಯ.

ಭಾನುವಾರ ಭಟ್ಕಳದ ಸಂತೆ. ಅಂದು ಸುತ್ತಲಿನ ಹಳ್ಳಿಗಳಿಂದ ಬಸಳೆ, ಹರಿವೆ, ಮೊಗೆಕಾಯಿ, ಬದನೆ, ಸುವರ್ಣಗಡ್ಡೆ, ಬಾಳೆಗೊನೆ, ತೆಂಗಿನಕಾಯಿ ಬರುತ್ತವೆ. ಘಟ್ಟದ ಮೇಲಿನ ತರಕಾರಿ ಲಾರಿಗಳಲ್ಲಿ ಬರುವುದು ಹೆಚ್ಚಾಗಿದ್ದರೂ, ಊರ ಬದನೆ ಮತ್ತು ಊರ ಬಸಳೆಗೆ ಪ್ರತ್ಯೇಕ ಗಿರಾಕಿಗಳಿದ್ದಾರೆ. ಅವರು ತರಕಾರಿಯನ್ನಲ್ಲ, ಮೊದಲು ಮಾರುವವರ ಮುಖವನ್ನು ಹುಡುಕುತ್ತಾರೆ.

ಭಟ್ಕಳದ ಹೆಸರನ್ನು ದೂರಕ್ಕೆ ಕೊಂಡೊಯ್ದದ್ದು ಮಲ್ಲಿಗೆ. ಉಡುಪಿ, ಮಂಗಳೂರು ಮಾರುಕಟ್ಟೆಗಳಲ್ಲಿ ಶಂಕರಪುರದ ಮಲ್ಲಿಗೆಯ ಜೊತೆಗೆ 'ಭಟ್ಕಳ ಮಲ್ಲಿಗೆ' ಎಂಬ ಹೆಸರಿನಿಂದಲೇ ಇದು ಮಾರಾಟವಾಗುತ್ತದೆ. ಹೆಚ್ಚಿನ ಕಡೆ ಇದು ಮನೆಯಂಗಳದ ಬೆಳೆ. ಬೆಳಗಾಗುವಾಗಲೇ ಮೊಗ್ಗು ಕೊಯ್ದು, ಮನೆಮಂದಿ ಕುಳಿತು ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮೊದಲು ಪೇಟೆಗೆ ಮುಟ್ಟಿಸಬೇಕು. ದರ ದಿನದಿಂದ ದಿನಕ್ಕೆ ಬದಲಾಗುತ್ತದೆ. ಮದುವೆಯ ಮುಹೂರ್ತವಿದ್ದ ದಿನ ಒಂದು, ಮರುದಿನ ಇನ್ನೊಂದು. ಮಧ್ಯಾಹ್ನ ಕಳೆದರೆ ಅರಳಿದ ಹೂವಿಗೆ ಬೆಲೆಯಿಲ್ಲ. ಆದುದರಿಂದ ಹೂವಿನವರಿಗೆ ಬಸ್ ನಿಲ್ದಾಣದ ಹತ್ತಿರದ ಜಾಗವೆಂಬುದು ಅನುಕೂಲದ ಪ್ರಶ್ನೆಯಲ್ಲ. ಜಾಗ ತಪ್ಪಿದರೆ ಆ ದಿನದ ದುಡಿಮೆಯೇ ತಪ್ಪುತ್ತದೆ.

ಮಳೆಗಾಲದ ಬಗ್ಗೆ ಒಂದು ಮಾತು. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿದು. 2022ರ ಆಗಸ್ಟ್ 1ರ ರಾತ್ರಿಯಿಂದ 2ರ ವರೆಗೆ ಸುರಿದ ಅತಿವೃಷ್ಟಿಯಲ್ಲಿ ಪೇಟೆಯ ಅಂಗಡಿಗಳಿಗೆ ನೀರು ನುಗ್ಗಿ ದಾಸ್ತಾನು ಹಾಳಾಯಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮೃತಪಟ್ಟರು. ಇಂತಹ ಸಂದರ್ಭದಲ್ಲಿ ಅಂಗಡಿ ಇದ್ದವರ ಬಳಿ ಪರವಾನಗಿ, ಬಾಡಿಗೆ ಕರಾರು, ದಾಸ್ತಾನು ಪುಸ್ತಕ ಇರುತ್ತವೆ. ಬೀದಿಬದಿ ವ್ಯಾಪಾರಿಗೆ ತಾನು ಅಲ್ಲಿ ವ್ಯಾಪಾರ ಮಾಡುತ್ತಿದ್ದೆನೆಂದು ತೋರಿಸಲು ಕೈಯಲ್ಲಿ ಒಂದು ಕಾಗದವಾದರೂ ಇರಬೇಕಾಗುತ್ತದೆ.

ಹೊನ್ನಾವರ: ಮೀನಿನ ಪೇಟೆ

ಶರಾವತಿ ಅಳಿವೆಯ ಎರಡೂ ದಡಗಳಲ್ಲಿ ಮೀನುಗಾರಿಕೆ ನಡೆಯುತ್ತದೆ. ದಕ್ಷಿಣ ದಡದ ಕಾಸರಕೋಡ ಟೊಂಕದಲ್ಲಿ ಮರಳಿನ ಮೇಲೆ ಮೀನು ಒಣಗಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿದ್ದು, ಅದನ್ನು ಮಾಡುವವರು ಬಹುತೇಕ ಮಹಿಳೆಯರು. ಹಸಿ ಮೀನು ಪೇಟೆಗೆ ಬರುವುದು ಬುಟ್ಟಿಗಳಲ್ಲಿ, ಟೆಂಪೋಗಳಲ್ಲಿ, ಸ್ಕೂಟರಿನ ಹಿಂದೆ ಕಟ್ಟಿದ ಪೆಟ್ಟಿಗೆಗಳಲ್ಲಿ. ಬಂಗುಡೆ ಮತ್ತು ತಾರ್ಲೆಯನ್ನು ಇಲ್ಲಿ ತೂಕಕ್ಕಿಂತ ಎಣಿಕೆಯಲ್ಲಿ ಮಾರುವುದೇ ಹೆಚ್ಚು: ನೂರು ರೂಪಾಯಿಗೆ ಇಷ್ಟು. ದೋಣಿ ತುಂಬಿ ಬಂದ ದಿನ ಎಣಿಕೆ ಏರುತ್ತದೆ, ಗಾಳಿ ಎದ್ದ ದಿನ ಇಳಿಯುತ್ತದೆ. ನೂರು ರೂಪಾಯಿ ಅಲ್ಲೇ ಇರುತ್ತದೆ. ಶೆಟ್ಲಿ, ಬಳಚು ಮುಂತಾದವು ಪಾಲಿನ ಲೆಕ್ಕದಲ್ಲಿ ಹೋಗುತ್ತವೆ. ಹೊರಗಿನಿಂದ ಬಂದವರಿಗೆ ಇದು ಅಸ್ಪಷ್ಟವೆನಿಸಿದರೂ, ದಿನವೂ ಕೊಳ್ಳುವವರು ಕಣ್ಣಳತೆಯಲ್ಲಿ ಮೋಸ ಹೋಗುವುದು ಅಪರೂಪ. ತೂಕದಲ್ಲಿ ಮಾರುವವರು ಮಾತ್ರ ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರಂತೆ ಮುದ್ರೆ ಹಾಕಿಸಿದ ತಕ್ಕಡಿ ಮತ್ತು ಬಟ್ಟುಗಳನ್ನೇ ಬಳಸತಕ್ಕದ್ದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1 ರಿಂದ ಜುಲೈ 31 ರವರೆಗೆ 61 ದಿನಗಳ ಕಾಲ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿ ಒಣಮೀನಿನ ವ್ಯಾಪಾರ ಏರುತ್ತದೆ. ಸಿದ್ದಾಪುರ, ಸಿರಸಿ, ಸಾಗರ ಕಡೆಯವರೂ ಮಳೆಗಾಲದ ದಾಸ್ತಾನಿಗಾಗಿ ಘಟ್ಟ ಇಳಿದು ಬರುತ್ತಾರೆ. ಮೀನಿಗೆ ಹಾಕುವ ಉಪ್ಪೂ ದೂರದ್ದಲ್ಲ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಆಗರಗಳು ಈ ಭಾಗದಲ್ಲಿ ಪ್ರಸಿದ್ಧ.

ಮೀನುಪೇಟೆಗೆ ಹೊಸ ಕಟ್ಟಡ ಕಟ್ಟಿದ ಕಡೆಗಳಲ್ಲೆಲ್ಲ ಒಂದೇ ದೂರು ಕೇಳಿಬರುತ್ತದೆ. ಕಟ್ಟೆಯ ಮೇಲೆ ಕುಳಿತವರ ಬಳಿ ಗಿರಾಕಿ ಬರುವ ಮೊದಲೇ ಹೊರಗೆ ರಸ್ತೆಯಲ್ಲಿ ಮೀನು ಮುಗಿದಿರುತ್ತದೆ. ಅಲ್ಲಿಗೆ ಒಳಗಿನವರು ಹೊರಗೆ ಬರುತ್ತಾರೆ, ಕಟ್ಟಡ ಖಾಲಿಯಾಗುತ್ತದೆ. ಸ್ವಚ್ಛತೆ, ನೀರು, ಕೊಳಚೆಯ ದೃಷ್ಟಿಯಿಂದ ಕಟ್ಟಡ ಅವಶ್ಯಕ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಿರಾಕಿ ನಡೆಯುವ ದಾರಿಯನ್ನು ಮೊದಲು ಗುರುತಿಸಿ, ಅದರ ಮೇಲೆ ಕಟ್ಟಡ ಬಂದರೆ ಮಾತ್ರ ಅದು ಪೇಟೆಯಾಗುತ್ತದೆ.

ಕುಮಟಾ: ಬುಧವಾರದ ಸಂತೆ ಮತ್ತು ಸಿಹಿ ಈರುಳ್ಳಿ

ಕುಮಟಾದ ಸಂತೆ ಬುಧವಾರ. ಹಾಲಕ್ಕಿ ಒಕ್ಕಲಿಗ ಮಹಿಳೆಯರು ತಾವೇ ಬೆಳೆದ ಸೊಪ್ಪು, ತರಕಾರಿ, ಗೆಡ್ಡೆಗಳನ್ನು ತಂದು ಕೂರುವುದು ಇಲ್ಲಿಯ ಹಳೆಯ ರೂಢಿ. ಕೊರಳು ತುಂಬಿದ ಮಣಿಸರಗಳ ಅವರ ಉಡುಗೆಯನ್ನು ಛಾಯಾಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ; ಅವರು ತರುವ ಹರಿವೆಯ ಕಟ್ಟನ್ನು ಕೊಂಡವರಿಗೆ ಮಾತ್ರ ಅವರು ನೆನಪಿನಲ್ಲಿ ಉಳಿಯುತ್ತಾರೆ. ಬೇಸಿಗೆಯಲ್ಲಿ ಅಪ್ಪೆಮಿಡಿ, ಮುರುಗಲು, ಹಲಸಿನ ಹಪ್ಪಳ, ವರ್ಷದ ಬೇರೆ ಸಮಯದಲ್ಲಿ ಜೋನಿ ಬೆಲ್ಲ, ಅಘನಾಶಿನಿ ಅಳಿವೆಯ ಬಳಚು, ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಡೆದು ಬೆಳೆಯುವ ಕಗ್ಗದ ಅಕ್ಕಿ ಇವೆಲ್ಲವೂ ಈ ತಾಲ್ಲೂಕಿನ ಸರಕುಗಳು. ಇವುಗಳಲ್ಲಿ ಹೆಚ್ಚಿನವು ಅಂಗಡಿಗೆ ಬರುವುದಿಲ್ಲ. ಒಂದು ಮನೆಯಲ್ಲಿ ಮಿಕ್ಕ ಎರಡು ಸೇರು, ನಾಲ್ಕು ಕಟ್ಟುಗಳಿಗೆ ಸಗಟು ವ್ಯಾಪಾರಿ ಬರುವುದಿಲ್ಲ. ಬೀದಿಯೇ ಅದರ ಮಾರುಕಟ್ಟೆ.

ಹೆದ್ದಾರಿಯಲ್ಲಿ ಸಂಚರಿಸುವವರೆಲ್ಲ ಕಂಡಿರುವುದು ಕುಮಟಾದ ಸಿಹಿ ಈರುಳ್ಳಿಯನ್ನು. ಭತ್ತದ ಕೊಯ್ಲಿನ ನಂತರ ಕಡಲತಡಿಯ ಮರಳು ಮಿಶ್ರಿತ ಗದ್ದೆಗಳಲ್ಲಿ ಇದನ್ನು ನಾಟಿ ಮಾಡಲಾಗುತ್ತದೆ. ವನ್ನಳ್ಳಿ, ಹಂದಿಗೋಣ ಹಾಗೂ ಅಳ್ವೆಕೋಡಿ ಇದಕ್ಕೆ ಹೆಸರಾದ ಊರುಗಳು. (ಭಟ್ಕಳ ತಾಲ್ಲೂಕಿನಲ್ಲಿಯೂ ಅಳ್ವೆಕೋಡಿ ಎಂಬ ಊರಿದ್ದು, ಇಲ್ಲಿ ಹೇಳಿರುವುದು ಕುಮಟಾ ತಾಲ್ಲೂಕಿನದು.) ಕಿತ್ತ ಈರುಳ್ಳಿಯ ಒಣಗಿದ ಎಲೆಯನ್ನು ಕತ್ತರಿಸದೆ ಜಡೆಯಂತೆ ಹೆಣೆದು ಗೊಂಚಲು ಮಾಡಿ, ಹೆದ್ದಾರಿ ಬದಿಯಲ್ಲಿ ಗಳುಗಳನ್ನು ಕಟ್ಟಿ ತೂಗುಹಾಕಲಾಗುತ್ತದೆ. ಹೆಣೆಯುವುದು ಅಲಂಕಾರಕ್ಕಲ್ಲ, ಅಡುಗೆಮನೆಯ ಮಾಡಿಗೆ ತೂಗುಹಾಕಿದ ಗೊಂಚಲು ಗಾಳಿಯಾಡುವ ಕಾರಣ ಮಳೆಗಾಲದಲ್ಲಿಯೂ ಬೇಗ ಕೊಳೆಯುವುದಿಲ್ಲ. ಖಾರ ಕಡಿಮೆ, ರುಚಿ ಸಿಹಿ, ಹಸಿಯಾಗಿಯೇ ತಿನ್ನಬಹುದು. ಬೇಸಿಗೆಯಲ್ಲಿ ಆರಂಭವಾಗುವ ಮಾರಾಟ ಮಳೆ ಹಿಡಿಯುವವರೆಗೆ ನಡೆಯುತ್ತದೆ. ಗೋಕರ್ಣ, ಮುರ್ಡೇಶ್ವರಗಳಿಗೆ ಹೋಗುವ ಪ್ರವಾಸಿಗಳು, ಗೋವಾ ಮತ್ತು ಮಂಗಳೂರು ಕಡೆಯ ವಾಹನದವರು ಇದರ ಮುಖ್ಯ ಗಿರಾಕಿಗಳು.

ಈ ವ್ಯಾಪಾರದ ಕಷ್ಟವೂ ಹೆದ್ದಾರಿಯಿಂದಲೇ ಬಂದಿದೆ. 2010ರ ದಶಕದಲ್ಲಿ ಆರಂಭವಾದ ಚತುಷ್ಪಥ ಕಾಮಗಾರಿಯಿಂದ ರಸ್ತೆ ಅಗಲವಾಗಿ, ವಾಹನಗಳ ವೇಗ ಹೆಚ್ಚಿ, ಹಿಂದೆ ಮನೆಯ ಮುಂದೆಯೇ ಗಳು ಕಟ್ಟುತ್ತಿದ್ದವರಲ್ಲಿ ಹಲವರ ಅಂಚು ಹೆದ್ದಾರಿಯ ಭೂಮಿಯೊಳಗೆ ಸೇರಿದೆ. ರಾಷ್ಟ್ರೀಯ ಹೆದ್ದಾರಿಗಳ ನಿಯಂತ್ರಣ (ಭೂಮಿ ಮತ್ತು ಸಂಚಾರ) ಕಾಯ್ದೆ, 2002ರ ಪ್ರಕಾರ ಹೆದ್ದಾರಿಯ ಭೂಮಿಯನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲ. ಕೆಳಗೆ ವಿವರಿಸಲಾಗುವ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ನಗರ ಪ್ರದೇಶಕ್ಕೆ ಸಂಬಂಧಿಸಿದ್ದು, ಗ್ರಾಮ ಪಂಚಾಯತಿ ವ್ಯಾಪ್ತಿಯ ಹೆದ್ದಾರಿ ಬದಿಗೆ ಅದರ ರಕ್ಷಣೆ ದೊರೆಯುವುದಿಲ್ಲ. ಎಲ್ಲರಿಗೂ ಕಾಣುವ ಈ ವ್ಯಾಪಾರವೇ ಕಾನೂನಿನ ಆಸರೆ ಅತ್ಯಂತ ಕಡಿಮೆ ಇರುವ ವ್ಯಾಪಾರವೂ ಆಗಿರುತ್ತದೆ. ಸದ್ಯಕ್ಕೆ ಸ್ವಂತ ಜಮೀನಿನ ಗಡಿಯೊಳಗೆ ಗಳು ಕಟ್ಟುವುದು, ವಾಹನ ನಿಲ್ಲಲು ರಸ್ತೆಯಿಂದ ಹೊರಗೆ ಜಾಗ ಬಿಡುವುದು, ಸಾಮೂಹಿಕ ಮಾರಾಟ ಸ್ಥಳಕ್ಕಾಗಿ ಗ್ರಾಮ ಪಂಚಾಯತಿಗೆ ಲಿಖಿತ ಮನವಿ ಸಲ್ಲಿಸುವುದು ಬೆಳೆಗಾರರಿಗೆ ಸೂಕ್ತ.

ಗುಡ್ಡ ಕಡಿದ ಸ್ಥಳಗಳ ಬುಡದಲ್ಲಿ ಮಳೆಗಾಲದಲ್ಲಿ ಅಂಗಡಿ ಹೂಡುವುದನ್ನು ಕಡ್ಡಾಯವಾಗಿ ತಪ್ಪಿಸತಕ್ಕದ್ದು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾ ಅಂಗಡಿಯೂ ಅದನ್ನು ನಡೆಸುತ್ತಿದ್ದ ಕುಟುಂಬವೂ ಮಣ್ಣಿನಡಿ ಸಿಲುಕಿದ್ದನ್ನು ಈ ಭಾಗದ ಜನರು ಮರೆತಿಲ್ಲ.

ಬೀದಿಬದಿ ವ್ಯಾಪಾರಿಗಳಿಗೆ ಕಾನೂನಿನ ರಕ್ಷಣೆ

ಬೀದಿಬದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಕಾಯ್ದೆ, 2014 ಜಾರಿಯಲ್ಲಿದ್ದು, ಭಟ್ಕಳ, ಹೊನ್ನಾವರ ಹಾಗೂ ಕುಮಟಾ ಪಟ್ಟಣಗಳ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಅನ್ವಯಿಸುತ್ತದೆ. ಸದರಿ ಕಾಯ್ದೆಯಂತೆ ಐದು ವರ್ಷಗಳಿಗೊಮ್ಮೆ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಸಮೀಕ್ಷೆಯಲ್ಲಿ ಗುರುತಿಸಲ್ಪಟ್ಟವರಿಗೆ ವ್ಯಾಪಾರ ಪ್ರಮಾಣಪತ್ರ ಹಾಗೂ ಗುರುತಿನ ಚೀಟಿ ನೀಡಲಾಗುವುದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವವರೆಗೆ ಯಾವುದೇ ವ್ಯಾಪಾರಿಯನ್ನು ತೆರವುಗೊಳಿಸುವಂತಿಲ್ಲ. ಅರ್ಜಿದಾರರಿಗೆ 14 ವರ್ಷ ಪೂರ್ಣಗೊಂಡಿರಬೇಕು. ತಾವೇ ಅಥವಾ ಕುಟುಂಬದ ಸದಸ್ಯರ ಮೂಲಕ ವ್ಯಾಪಾರ ಮಾಡುವವರಾಗಿರಬೇಕು. ಬೇರೆ ಜೀವನೋಪಾಯ ಇರಬಾರದು. ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಾಗಲಿ, ವರ್ಗಾಯಿಸುವುದಾಗಲಿ ಸಲ್ಲದು. ಪ್ರಮಾಣಪತ್ರ ಹೊಂದಿದವರು ಮೃತಪಟ್ಟಲ್ಲಿ ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದಲ್ಲಿ ಪತಿ, ಪತ್ನಿ ಅಥವಾ ಅವಲಂಬಿತ ಮಕ್ಕಳಲ್ಲಿ ಒಬ್ಬರು ಅದರ ಅವಧಿ ಮುಗಿಯುವವರೆಗೆ ವ್ಯಾಪಾರ ಮುಂದುವರಿಸಬಹುದು. ತಾಯಿಯ ಜಾಗದಲ್ಲಿ ಮಗಳು ಕೂರುವುದು ಈ ಪೇಟೆಗಳಲ್ಲಿ ಸಾಮಾನ್ಯವಾದುದರಿಂದ ಈ ಅಂಶವನ್ನು ವಿಶೇಷವಾಗಿ ಗಮನಿಸುವುದು.

ಮಾರುಕಟ್ಟೆಯ ಸ್ಥಳಕ್ಕೆ ಸಂಬಂಧಿಸಿದಂತೆ ಕಾಯ್ದೆಯಲ್ಲಿ ಎರಡು ಮಾತುಗಳಿದ್ದು, ಇವು ವ್ಯಾಪಾರಿಗಳಿಗೆ ಅಷ್ಟಾಗಿ ತಿಳಿದಿರುವುದಿಲ್ಲ. ಕೊಳ್ಳುವವರು ಮತ್ತು ಮಾರುವವರು ತಾವಾಗಿಯೇ ಬಹುಕಾಲದಿಂದ ಸೇರುತ್ತ ಬಂದ ಜಾಗವನ್ನು ಕಾಯ್ದೆಯು 'ಸಹಜ ಮಾರುಕಟ್ಟೆ' ಎಂದು ಗುರುತಿಸುತ್ತದೆ. ಅಂತಹ ಜಾಗದಲ್ಲಿ 50 ವರ್ಷಗಳಿಗೂ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದಿದ್ದಲ್ಲಿ ಅದನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸತಕ್ಕದ್ದು ಹಾಗೂ ಅಲ್ಲಿಯ ವ್ಯಾಪಾರಿಗಳನ್ನು ಸ್ಥಳಾಂತರಿಸತಕ್ಕದ್ದಲ್ಲ ಎಂದು ಅದರ ಅನುಸೂಚಿಯಲ್ಲಿ ಹೇಳಲಾಗಿದೆ. ಮೂರೂ ಪಟ್ಟಣಗಳಲ್ಲಿ ಅಜ್ಜಿಯ ಕಾಲದಿಂದ ಒಂದೇ ಮೂಲೆಯಲ್ಲಿ ಕೂರುತ್ತ ಬಂದ ಮನೆತನಗಳಿವೆ. ಆದರೆ ನೆನಪು ದಾಖಲೆಯಾಗುವುದಿಲ್ಲ. ಹಳೆಯ ಸಂತೆ ಸುಂಕದ ರಸೀದಿ, ನೆಲಬಾಡಿಗೆ ಚೀಟಿ, ಸಂಘದ ಸದಸ್ಯತ್ವ, ಸಾಲದ ಪುಸ್ತಕ, ದಿನಾಂಕವಿರುವ ಛಾಯಾಚಿತ್ರ ಯಾವುದಿದ್ದರೂ ಎಸೆಯದೆ ಕಾಪಾಡಿಕೊಳ್ಳತಕ್ಕದ್ದು. ಸುಂಕ ಕೊಟ್ಟಾಗ ರಸೀದಿ ಕೇಳಿ ಪಡೆಯುವುದು ವ್ಯಾಪಾರಿಯ ಹಕ್ಕು. ರಸೀದಿಯಿಲ್ಲದೆ ಕೊಟ್ಟ ಹತ್ತು ರೂಪಾಯಿಗೆ ಮುಂದೆ ಯಾವ ಬೆಲೆಯೂ ಇರುವುದಿಲ್ಲ.

ಸ್ಥಳಾಂತರ ಅಥವಾ ತೆರವು ಅನಿವಾರ್ಯವಾದಲ್ಲಿ 30 ದಿನಗಳ ಮುಂಚಿತ ನೋಟಿಸು ನೀಡತಕ್ಕದ್ದು. ನೋಟಿಸಿನ ಅವಧಿ ಮುಗಿದ ನಂತರವೂ ತೆರವು ಮಾಡದಿದ್ದಲ್ಲಿ ದಿನಕ್ಕೆ 250 ರೂ. ವರೆಗೆ ದಂಡ ವಿಧಿಸಬಹುದಾಗಿದ್ದು, ಸರಕನ್ನು ವಶಪಡಿಸಿಕೊಳ್ಳುವುದಕ್ಕೂ ಅವಕಾಶವಿದೆ. ವಶಪಡಿಸಿಕೊಂಡಾಗ ಸರಕಿನ ಪಟ್ಟಿ ತಯಾರಿಸಿ ಅದರ ಸಹಿ ಮಾಡಿದ ಪ್ರತಿಯನ್ನು ವ್ಯಾಪಾರಿಗೆ ಕೊಡಬೇಕು. ವ್ಯಾಪಾರಿ ಹಕ್ಕು ಸಲ್ಲಿಸಿದ ಮೇಲೆ ಕೆಡದ ಸರಕನ್ನು ಎರಡು ಕೆಲಸದ ದಿನಗಳೊಳಗೆ, ಮೀನು, ಹೂವು, ಹಣ್ಣು, ತರಕಾರಿಯಂತಹ ಕೆಡುವ ಸರಕನ್ನು ಅದೇ ದಿನ ಹಿಂತಿರುಗಿಸತಕ್ಕದ್ದು. ಮಧ್ಯಾಹ್ನ ವಶವಾದ ಮಲ್ಲಿಗೆಗೆ ಸಂಜೆ ಹಿಂತಿರುಗಿಸಿದರೂ ಪ್ರಯೋಜನವಿಲ್ಲವೆಂಬುದನ್ನು ಕಾರ್ಯಾಚರಣೆಗೆ ಹೋಗುವ ಸಿಬ್ಬಂದಿ ಗಮನದಲ್ಲಿಟ್ಟುಕೊಳ್ಳುವುದು ಒಳಿತು.

ವ್ಯಾಪಾರ ವಲಯ, ವೇಳೆ, ಶುಲ್ಕ ಮುಂತಾದ ವಿಷಯಗಳಲ್ಲಿ ಸಲಹೆ ನೀಡಲು ಪಟ್ಟಣ ವ್ಯಾಪಾರ ಸಮಿತಿ ಇರುತ್ತದೆ. ಸಂಸ್ಥೆಯ ಮುಖ್ಯಾಧಿಕಾರಿ ಇದರ ಅಧ್ಯಕ್ಷರು. ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ತಮ್ಮೊಳಗಿನಿಂದ ಚುನಾಯಿಸಿದ ಪ್ರತಿನಿಧಿಗಳಿರಬೇಕು. ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಮೀನು ಮತ್ತು ಹೂವಿನ ವ್ಯಾಪಾರದಲ್ಲಿರುವ ಮಹಿಳೆಯರು ಸಮಿತಿಯ ಚುನಾವಣೆಗೆ ನಿಲ್ಲಲು ಹಿಂಜರಿಯುವುದು ಕಂಡುಬರುತ್ತದೆ. ಮೀನುಪೇಟೆಯ ಕಟ್ಟೆ ಎಷ್ಟು ಎತ್ತರವಿರಬೇಕೆಂಬುದನ್ನು ಅಲ್ಲಿ ಕೂರದವರು ತೀರ್ಮಾನಿಸುವುದಕ್ಕೆ ಇದೂ ಒಂದು ಕಾರಣ.

ಸಾಲ ಸೌಲಭ್ಯ

2020ರ ಜೂನ್ 1ರಂದು ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಡಿ ಯಾವುದೇ ಜಾಮೀನು ಇಲ್ಲದೆ ದುಡಿಮೆ ಬಂಡವಾಳ ಸಾಲ ದೊರೆಯುತ್ತದೆ. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು ಪುನರ್‌ರೂಪಿಸಿ ಸಾಲ ನೀಡುವ ಅವಧಿಯನ್ನು 31 ಮಾರ್ಚ್ 2030ರ ವರೆಗೆ ವಿಸ್ತರಿಸಲಾಗಿದೆ. ಅದರಂತೆ ಮೊದಲ ಕಂತಿನಲ್ಲಿ 15,000 ರೂ. ವರೆಗೆ, ಅದನ್ನು ತೀರಿಸಿದವರಿಗೆ 25,000 ರೂ. ವರೆಗೆ, ನಂತರ 50,000 ರೂ. ವರೆಗೆ ಸಾಲ ಪಡೆಯಬಹುದು. ಸಕಾಲದಲ್ಲಿ ಮರುಪಾವತಿ ಮಾಡಿದವರಿಗೆ ಶೇ. 7ರ ಬಡ್ಡಿ ಸಹಾಯಧನ ಇರುತ್ತದೆ. ಬೆಳಿಗ್ಗೆ ಸಾಲ ತಂದು ಸಂಜೆ ಬಡ್ಡಿ ಸಹಿತ ಕೊಡುವ ಪದ್ಧತಿಯಲ್ಲಿ ಮೀನು ಎತ್ತುವವರಿಗೆ ಈ ಮೊತ್ತ ಸಣ್ಣದೇನಲ್ಲ.

ಹಳ್ಳಿಯಿಂದ ಬಂದು ಪಟ್ಟಣದಲ್ಲಿ ಮಾರುವವರೂ ಈ ಯೋಜನೆಗೆ ಅರ್ಜಿ ಸಲ್ಲಿಸಬಹುದೆಂಬುದನ್ನು ಸಾರ್ವಜನಿಕರು ಗಮನಿಸಬೇಕಾಗಿ ಕೋರಿದೆ. ಪ್ರಮಾಣಪತ್ರ ಅಥವಾ ಗುರುತಿನ ಚೀಟಿ ಇಲ್ಲದವರು, ಸಮೀಕ್ಷೆಯಲ್ಲಿ ಬಿಟ್ಟುಹೋದವರು ತಾವು ವ್ಯಾಪಾರ ಮಾಡುವ ಪಟ್ಟಣದ ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆಯತಕ್ಕದ್ದು. ವಾಸದ ಊರು ಬೇರೆ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ನಿರಾಕರಿಸುವಂತಿಲ್ಲ. ಅರ್ಜಿಯೊಂದಿಗೆ ಆಧಾರ್ ಹಾಗೂ ಅದಕ್ಕೆ ಜೋಡಣೆಯಾದ ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಅಗತ್ಯ. ಮೊಬೈಲ್ ಮಗನ ಹೆಸರಿನಲ್ಲಿ, ಖಾತೆ ತಾಯಿಯ ಹೆಸರಿನಲ್ಲಿ ಇದ್ದು ಅರ್ಜಿ ಅಲ್ಲಿಯೇ ನಿಲ್ಲುವ ಸಂಭವ ಇರುವುದರಿಂದ ಇದನ್ನು ಮೊದಲೇ ಸರಿಪಡಿಸಿಕೊಳ್ಳುವುದು.

ಪ್ರಮಾಣಪತ್ರ, ಸ್ಥಳ, ತೆರವು ಅಥವಾ ವಶಪಡಿಸಿಕೊಂಡ ಸರಕಿನ ಬಗ್ಗೆ ತಕರಾರಿದ್ದಲ್ಲಿ, ಮಾಜಿ ಸಿವಿಲ್ ನ್ಯಾಯಾಧೀಶರು ಅಥವಾ ನ್ಯಾಯಿಕ ದಂಡಾಧಿಕಾರಿಯವರ ಅಧ್ಯಕ್ಷತೆಯಲ್ಲಿ ರಚಿಸಲಾಗುವ ಕುಂದುಕೊರತೆ ಪರಿಹಾರ ಸಮಿತಿಗೆ ಲಿಖಿತ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಜಾಗವನ್ನು "ಪೇಟೆ ರಸ್ತೆ" ಎಂದಷ್ಟೇ ಬರೆಯದೆ, ಎದುರಿನ ಕಟ್ಟಡ, ಮರ, ಕಂಬ ಯಾವುದಾದರೊಂದು ಗುರುತನ್ನೂ ಎಷ್ಟು ವರ್ಷದಿಂದ ಕೂರುತ್ತಿದ್ದೀರೆಂಬುದನ್ನೂ ನಮೂದಿಸಿ, ಸ್ವೀಕೃತಿಯನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು.